ಕಲ್ಲಿಗೆ ರೇಟು ಕಟ್ಟಿದ ಕೋಟೆ

ರಾಯಚೂರಿನಲ್ಲಿ ಬಸ್ಸಿಳಿದವರಿಗೆ ಕೋಟೆ ಹುಡುಕುವ ತೊಂದರೆಯಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರವೇ ಇದೆ. ಆದರೆ ನೋಡುವವರು ಯಾರು? ಗೋಡೆಗೆ ಬೆನ್ನು ಕೊಟ್ಟು ಬೀಡಿ ಹಚ್ಚಲಿಕ್ಕೆ, ನೆರಳಿಗೆ ಗಾಡಿ ನಿಲ್ಲಿಸಲಿಕ್ಕೆ ಮಾತ್ರ ಕೋಟೆ ಬೇಕು.

ಇದೇ ಗೋಡೆಗಾಗಿ ಮಂದಿ ಇನ್ನೂರು ವರ್ಷಕ್ಕೂ ಹೆಚ್ಚು ಹೊಡೆದಾಡಿದರು. ಕೃಷ್ಣಾ, ತುಂಗಭದ್ರಾ ಎರಡು ಹೊಳೆಗಳ ನಡುವಿನ ಎರೆಭೂಮಿ ಯಾರಿಗೆ ಬೇಡ? ಆ ಕಡೆ ಬಹಮನಿಗಳು, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು. ಈ ಕಡೆ ವಿಜಯನಗರ. ರಾಯಚೂರು ಕೈಯಲ್ಲಿದ್ದರೆ ದೋಆಬ್ ಕೈಯಲ್ಲಿದ್ದಂತೆ.

ಕೋಟೆ ಕಟ್ಟಿಸಿದವರು ಇವರಿಬ್ಬರೂ ಅಲ್ಲ. 1294ರಲ್ಲಿ ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿಯ ದಂಡನಾಯಕ ವಿಠ್ಠಲನಾಥ ಕಟ್ಟಿಸಿದ. ಪಶ್ಚಿಮದ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ ತೆಲುಗಿನಲ್ಲಿ ಶಾಸನ. ಆ ಕಲ್ಲನ್ನು ಹೇಗೆ ತಂದರು ಎಂಬುದಕ್ಕೂ ಅಲ್ಲೇ ಚಿತ್ರ ಕೊರೆದಿದ್ದಾರೆ: ಒಂದು ಬಂಡಿ, ಅದಕ್ಕೆ ಸಾಲುಸಾಲಾಗಿ ಕಟ್ಟಿದ ಕೋಣಗಳು. ಗಾರೆಯಿಲ್ಲದೆ ಕಲ್ಲ ಮೇಲೆ ಕಲ್ಲಿಟ್ಟ ಗೋಡೆ.

1520ರ ಯುದ್ಧದ ಕಾರಣ ಅಂಗಡಿಕಾರರಿಗೆ ಚೆನ್ನಾಗಿ ಅರ್ಥವಾದೀತು. ಗೋವಾದಿಂದ ಕುದುರೆ ತರಲಿಕ್ಕೆ ಕೃಷ್ಣದೇವರಾಯ ಒಬ್ಬ ವ್ಯಾಪಾರಿಗೆ 40,000 ವರಾಹ ಮುಂಗಡ ಕೊಟ್ಟ. ಆ ಮಹಾಶಯ ದುಡ್ಡು ಸಮೇತ ಆದಿಲ್‌ಶಾಹನ ಕಡೆಗೆ ಓಡಿದ. ಆಳನ್ನೂ ಕೊಡಲಿಲ್ಲ, ಹಣವನ್ನೂ ಕೊಡಲಿಲ್ಲ. ಸರಿ, ದಂಡು ಹೊರಟಿತು. ಹೀಗಂತ ಹೇಳುವವನು ಸುಮಾರು ಹದಿನೈದು ವರ್ಷದ ಮೇಲೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ರಾಯನ ಕಾಲಾಳು ಏಳು ಲಕ್ಷ, ಆನೆ 551 ಅಂತಲೂ ಬರೆದಿದ್ದಾನೆ. ವ್ಯಾಪಾರಿಯ ಲೆಕ್ಕ, ಅಷ್ಟೂ ನಂಬಬೇಕಾಗಿಲ್ಲ. ಮುಂಗಡ ಒಂದು ನೆಪ, ಕಣ್ಣು ರಾಯಚೂರಿನ ಮೇಲಿತ್ತು ಅನ್ನುವುದೂ ಸುಳ್ಳಲ್ಲ.

ಮೇ ತಿಂಗಳಲ್ಲಿ ಇಸ್ಮಾಯಿಲ್ ಆದಿಲ್‌ಶಾಹ ಸೋತ. ಅವನ ದಂಡಿನಲ್ಲಿ ಎಷ್ಟೋ ಮಂದಿ ಕೃಷ್ಣೆಯಲ್ಲಿ ಮುಳುಗಿ ಸತ್ತರು. ಆದರೂ ಕೋಟೆ ಬಗ್ಗಲಿಲ್ಲ. ಮುತ್ತಿಗೆಯಲ್ಲಿ ರಾಯನ ದಂಡನಾಯಕರು ಮಾಡಿದ ಉಪಾಯ ನೋಡಿ. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಗಾತ್ರ ನೋಡಿ ಹಣ ಕೊಟ್ಟರು. ಬುಡದಲ್ಲಿ ನಿಂತು ಹಾರೆ ಹಾಕುವವರ ತಲೆ ಮೇಲೆ ಕಲ್ಲು, ಬಾಣ, ಗುಂಡು. ಕುದುರೆ ಮಾರಲು ಬಂದಿದ್ದ ಫಿಗೆರೆದೊ ತನ್ನ ಇಪ್ಪತ್ತು ಮಂದಿ ಬಂದೂಕಿನವರ ಜೊತೆ ಗೋಡೆ ಮೇಲಿನವರನ್ನು ಗುರಿಯಿಟ್ಟು ಹೊಡೆದ. ಕೋಟೆಯ ಮುಖಂಡ ಹಣೆಗೆ ಗುಂಡು ಬಿದ್ದು ಸತ್ತ ಮೇಲೆಯೇ ಊರು ಬಾಗಿಲು ತೆಗೆದದ್ದು.

1565ರ ಸೋಲಿನ ನಂತರ ರಾಯಚೂರು ಮತ್ತೆ ಬಿಜಾಪುರಕ್ಕೆ, ಆಮೇಲೆ ಮೊಗಲರಿಗೆ, ಕಡೆಗೆ ನಿಜಾಮರಿಗೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು.

ಒಂದೊಂದು ಕಲ್ಲಿಗೂ ಪ್ರಾಣ ತೆತ್ತು ಕೀಳಬೇಕಾಗಿದ್ದ ಗೋಡೆಗೆ ಈಗ ಹಾರೆಯೂ ಬೇಡ, ಬಂದೂಕೂ ಬೇಡ. ಯಾರದೂ ಅಲ್ಲ ಅಂದುಕೊಂಡರೆ ಸಾಕು. ಕಂದಕ ತುಂಬುತ್ತದೆ, ಗೋಡೆಗೆ ಹತ್ತಿ ಶೆಡ್ ಏಳುತ್ತದೆ, ನಾಲ್ಕು ವರ್ಷಕ್ಕೆ ಶೆಡ್ ಮನೆಯಾಗುತ್ತದೆ. ಅಲ್ಲಿ ಇರುವವರು ಬಡವರು, ಪಾಪ, ಅವರನ್ನು ರಾತ್ರೋರಾತ್ರಿ ಎಬ್ಬಿಸಿ ಅಂತ ಹೇಳುವವರು ಮನುಷ್ಯರಲ್ಲ. ಬೇರೆ ಜಾಗ ಕೊಟ್ಟು ಆಮೇಲೆ ಮಾತಾಡಲಿ. ಆದರೆ ಹೊಸದಾಗಿ ಬರುವುದನ್ನು ತಡೆಯಲಿಕ್ಕೆ ಯಾವ ಪಂಚವಾರ್ಷಿಕ ಯೋಜನೆ ಬೇಕು?

ಒಳಗೋಡೆ, ಹೊರಗೋಡೆ, ಕಂದಕ ಮೂರನ್ನೂ ಅಳೆದು ಗುರುತು ಕಲ್ಲು ನೆಡಲಿ. ಕಸದ ಗಾಡಿ ಕಂದಕದ ಕಡೆ ತಿರುಗದಂತೆ ನೋಡಿಕೊಳ್ಳಲಿ. ಆ 41 ಅಡಿ ಕಲ್ಲಿಗೆ ದಾರಿ ತೋರಿಸುವ ಒಂದು ಬೋರ್ಡನ್ನು, ಬಸ್ ಕಾಯುವವರಿಗೆ ಕಾಣುವ ಹಾಗೆ, ದಪ್ಪ ಅಕ್ಷರದಲ್ಲಿ ಹಾಕಲಿ. ಬೋರ್ಡಿನ ತುಂಬಾ ಉದ್ಘಾಟಕರ ಹೆಸರೇ ಬರೆಸಿ, ಕೋಟೆಗೆ ಜಾಗವಿಲ್ಲದ ಹಾಗೆ ಮಾಡದಿದ್ದರೆ ಆಯಿತು.