ಬೀಜ ಉಳಿಸುವ ಹಕ್ಕು ಮತ್ತು ಹೈಬ್ರಿಡ್ ಭತ್ತ

ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಬೀಜ ಮಸೂದೆಯ ಹೊಸ ಕರಡನ್ನು ಸಾರ್ವಜನಿಕರ ಮುಂದಿಟ್ಟಾಗ, ಬೆಳೆದ ಬೀಜವನ್ನು ಉಳಿಸಿ, ಬಿತ್ತಿ, ಹಂಚಿಕೊಳ್ಳುವ ರೈತನ ಹಕ್ಕಿಗೆ ಧಕ್ಕೆಯಿಲ್ಲವೆಂಬ ಭರವಸೆಯನ್ನೂ ನೀಡಿತು. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲೇ ಇದನ್ನು ಮಾನ್ಯ ಮಾಡಿದೆ. ಆದರೆ ಹೈಬ್ರಿಡ್ ಭತ್ತದ ಮಟ್ಟಿಗೆ ಈ ಹಕ್ಕು ಬಹುಪಾಲು ಕಾಗದದಲ್ಲೇ ಉಳಿಯುತ್ತದೆ. ಕಾರಣ ಸಸ್ಯದ ಜೀವಕೋಶದಲ್ಲಿದೆ.

ಭತ್ತ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಎರಡು ತಳಿಗಳನ್ನು ದೊಡ್ಡ ಪ್ರಮಾಣದಲ್ಲಿ ಬೆರೆಸಬೇಕಾದರೆ ತಾಯಿ ಸಾಲಿನ ಪರಾಗ ನಿಷ್ಫಲವಾಗಿರಬೇಕು. ಅಂಥ ಕಾಡುಭತ್ತ 1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ ದೊರೆಯಿತು. ಈ ಬಂಜೆತನಕ್ಕೆ ಮೈಟೊಕಾಂಡ್ರಿಯಾದ ಒಂದು ಜೀನ್ ಕಾರಣವೆಂದು 2013ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಮೈಟೊಕಾಂಡ್ರಿಯಾ ತಾಯಿಯಿಂದ ಬರುವುದರಿಂದ ಬಂಜೆತನವೂ ತಾಯಿಯ ಬಳುವಳಿಯೇ. ತಂದೆ ಸಾಲಿನ ಪುನಃಸ್ಥಾಪಕ ಜೀನ್‌ಗಳು ಅದನ್ನು ಅಡಗಿಸುವುದರಿಂದ ರೈತನ ಗದ್ದೆಯಲ್ಲಿ ತೆನೆ ತುಂಬುತ್ತದೆ. ಆ ಫಸಲಿನ ಕಾಳನ್ನೇ ಮತ್ತೆ ಬಿತ್ತಿದರೆ ಪುನಃಸ್ಥಾಪಕ ಜೀನ್‌ಗಳು ಎಲ್ಲ ಸಸಿಗಳಿಗೂ ಸಿಗುವುದಿಲ್ಲ. ಎತ್ತರ ಏರುಪೇರು, ಕೊಯ್ಲು ಹಿಂದುಮುಂದು, ಕೆಲವು ತೆನೆ ಜಳ್ಳು. ಪ್ರತಿ ಮುಂಗಾರಿಗೂ ಬೀಜದಂಗಡಿಯೇ ಗತಿ.

ಹೈಬ್ರಿಡ್ ಕೆಟ್ಟದ್ದೆಂದು ಇದರರ್ಥವಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ರೂಪಿಸಿದ, 1996ರಲ್ಲಿ ಬಿಡುಗಡೆಯಾದ ಕೆಆರ್‌ಎಚ್-2 ಸಾರ್ವಜನಿಕ ಸಂಶೋಧನೆಯ ಹೆಮ್ಮೆ. ಆದರೆ ಅದರ ತಾಯಿ ಐಆರ್ 58025ಎ ದೇಶದ ಇನ್ನೂ ಹಲವು ಹೈಬ್ರಿಡ್‌ಗಳಿಗೆ ತಾಯಿ. ಅದರ ಕೋಶದ್ರವ್ಯ ಹೈನಾನಿನ ಕಾಡುಭತ್ತದ್ದೇ. ಈ ಏಕತಾನತೆಯ ಅಪಾಯವನ್ನು ಅಮೆರಿಕ 1970ರಲ್ಲಿ ಕಂಡಿದೆ. ಬಂಜೆತನ ತಂದ ಮೈಟೊಕಾಂಡ್ರಿಯಾ ಜೀನ್ ಅಲ್ಲಿನ ಮೆಕ್ಕೆಜೋಳವನ್ನು ಶಿಲೀಂಧ್ರದ ವಿಷಕ್ಕೂ ಈಡು ಮಾಡಿತ್ತು. ಎಲೆ ಅಂಗಮಾರಿಗೆ ಶೇ 15ರಷ್ಟು ಬೆಳೆ ಹೋಯಿತು.

ಭಟ್ಕಳ, ಹೊನ್ನಾವರ, ಕುಮಟಾಗಳ ತುಂಡು ಹಿಡುವಳಿಗಳಿಗೆ ಈ ಚರ್ಚೆ ದೂರದ್ದಲ್ಲ. ಕುಮಟಾ ತಾಲ್ಲೂಕಿನ ಅಘನಾಶಿನಿ ದಂಡೆಯ ಗಜನಿಗಳಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತವಿದೆ. ಕಂಪೆನಿಯ ಪೊಟ್ಟಣದಲ್ಲಿ ಸಿಗದ ಅದರ ಬೀಜ ಹಿಂದಿನ ವರ್ಷದ ಗದ್ದೆಯಿಂದಲೇ ಬರಬೇಕು. ಉಳಿಸುವ ಹಕ್ಕಿಗೆ ನಿಜವಾದ ಅರ್ಥವಿರುವುದು ಇಂಥಲ್ಲಿ. ದುರದೃಷ್ಟವಶಾತ್, ಒಡ್ಡು ಒಡೆದು, ಸಿಗಡಿ ಕೃಷಿ ವ್ಯಾಪಿಸಿ ಕಗ್ಗದ ಕ್ಷೇತ್ರವೇ ಕುಗ್ಗಿದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿತು. ಹಕ್ಕಿಗಳೊಂದಿಗೆ ಬೀಜವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಡ್ಡು ದುರಸ್ತಿಗೆ ಹಣವಿಡಬೇಕಾದುದು ರಾಜ್ಯ ಸರ್ಕಾರದ ಕೆಲಸ. ಹೈಬ್ರಿಡ್ ಪೊಟ್ಟಣಗಳ ಮೇಲೆ, ಫಸಲು ಮರುಬಿತ್ತನೆಗೆ ಒದಗದೆಂದು ದೊಡ್ಡಕ್ಷರದ ಕನ್ನಡದಲ್ಲಿ ಬರೆಸುವುದಕ್ಕಂತೂ ಹೆಚ್ಚಿನ ವೆಚ್ಚವೂ ಇಲ್ಲ.