ಕುರ್ಚಿಯೂ ಕಸುಬೂ

ನಮ್ಮಲ್ಲಿ ಬಹುಪಾಲು ಮನೆಗಳವರು ಊರು ಬಿಟ್ಟು ಬಂದದ್ದು ನೌಕರಿಯ ಬೆನ್ನು ಹತ್ತಿ. ಹಾಗಾಗಿ ಬಡ್ತಿಯೆಂದರೆ ನಮಗೆ ಹಬ್ಬವೇ ಸರಿ. ಆದರೆ ಬಡ್ತಿಯ ಸಂಭ್ರಮದಲ್ಲಿ ಕೈತಪ್ಪಿಹೋಗುವ ಕಸುಬಿನ ಮಾತನ್ನು ಯಾರೂ ಎತ್ತುವುದಿಲ್ಲ. ಸೊಗಸಾಗಿ ಪಾಠ ಹೇಳುತ್ತಿದ್ದ ಮೇಷ್ಟರು ಮುಖ್ಯೋಪಾಧ್ಯಾಯರಾಗಿ ರಿಜಿಸ್ಟರಿಗೆ ಸಹಿ ಹಾಕುತ್ತ ಕುಳಿತದ್ದನ್ನು ನಾವೆಲ್ಲ ಕಂಡಿದ್ದೇವೆ. ದೊಡ್ಡ ಕುರ್ಚಿಯನ್ನೇರಿ, ತಾವಾಗಿಯೇ ಇಳಿದು ಬಂದ ಒಬ್ಬರ ಕಥೆ ಈ ಸಲ ನಮ್ಮ ಓದುಗರಿಗೆ.

ಡೇವಿಡ್ ಅಟೆನ್‌ಬರೋ ಅವರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ‘ಗಾಂಧಿ’ ಚಿತ್ರದ ನಿರ್ದೇಶಕ ರಿಚರ್ಡ್ ಅಟೆನ್‌ಬರೋ ಇವರ ಅಣ್ಣ. 1926ರಲ್ಲಿ ಹುಟ್ಟಿದ ಇವರು ಕೇಂಬ್ರಿಜ್‌ನಲ್ಲಿ ಪ್ರಕೃತಿ ವಿಜ್ಞಾನ ಓದಿ, ಮುಂದೆ ಬಿ.ಬಿ.ಸಿ. ರೇಡಿಯೋದಲ್ಲಿ ಕೆಲಸ ಕೇಳಿದರು, ಸಿಗಲಿಲ್ಲ. 1952ರಲ್ಲಿ ಟೆಲಿವಿಷನ್ ವಿಭಾಗ ಸೇರಿದರು. ಹಲ್ಲು ತೀರ ದೊಡ್ಡವು, ತೆರೆಯ ಮೇಲೆ ತರುವುದು ಬೇಡವೆಂದು ಮೇಲಧಿಕಾರಿಗಳ ಷರಾ ಆಯಿತಂತೆ! 1954ರ ‘ಝೂ ಕ್ವೆಸ್ಟ್’ ಮಾಲೆಯ ನಿರೂಪಕರು ಕಾಯಿಲೆ ಬಿದ್ದುದರಿಂದ ಇವರೇ ತೆರೆಗೆ ಬರಬೇಕಾಯಿತು.

1965ರಲ್ಲಿ ಬಿ.ಬಿ.ಸಿ.ಯ ಎರಡನೆಯ ವಾಹಿನಿಯ ಮುಖ್ಯಸ್ಥರಾದರು. ಒಪ್ಪುವ ಮುನ್ನ ಒಂದು ಕರಾರು ಹಾಕಿದರು: ಆಗಾಗ ಕಾರ್ಯಕ್ರಮ ತಯಾರಿಸಲು ತಮ್ಮನ್ನು ಬಿಡಬೇಕು. ಅದು ಜನರು ಕೊಡುವ ಲೈಸೆನ್ಸ್ ಶುಲ್ಕದಿಂದ ನಡೆಯುವ ವಾಹಿನಿ, ಜಾಹೀರಾತಿನ ಹಂಗಿಲ್ಲ. ಆ ಸ್ವಾತಂತ್ರ್ಯವನ್ನು ಇವರು ಸಾರ್ಥಕಪಡಿಸಿದರು. 1967ರ ಜುಲೈ 1ರಂದು ವಿಂಬಲ್ಡನ್ ಟೆನಿಸ್ ಪಂದ್ಯಗಳೊಡನೆ ಬ್ರಿಟನ್ನಿನಲ್ಲಿ ಬಣ್ಣದ ಟೆಲಿವಿಷನ್ ಆರಂಭವಾಯಿತು. ಬಣ್ಣ ಬಂದ ಮೇಲೆ ತೋರಿಸುವುದೇನು? ಒಂದೆಡೆ ಬಣ್ಣಬಣ್ಣದ ಚೆಂಡುಗಳ ಸ್ನೂಕರ್ ಆಟ. ಇನ್ನೊಂದೆಡೆ ಪಾಶ್ಚಾತ್ಯ ಕಲೆಯನ್ನು ಕುರಿತು ಕೆನೆತ್ ಕ್ಲಾರ್ಕ್ ಅವರ ‘ಸಿವಿಲೈಸೇಷನ್’, 13 ಕಂತು. ಎರಡೂ 1969ರಲ್ಲಿ ಬಂದವು. ಅದೇ ವರ್ಷ ಇವರು ಎರಡೂ ವಾಹಿನಿಗಳ ಕಾರ್ಯಕ್ರಮ ನಿರ್ದೇಶಕರಾದರು.

ಅದರ ಮೇಲಿದ್ದದ್ದು ಮಹಾನಿರ್ದೇಶಕರ ಪದವಿ. 1972ರಲ್ಲಿ ಅದಕ್ಕೆ ಇವರ ಹೆಸರು ಕೇಳಿಬಂತು. ಇವರು ಬೇಡವೆಂದು ರಾಜೀನಾಮೆ ಬರೆದುಕೊಟ್ಟು, ಮತ್ತೆ ಕಾರ್ಯಕ್ರಮ ತಯಾರಿಸಲು ಹೊರಟರು. 1979ರಲ್ಲಿ ‘ಲೈಫ್ ಆನ್ ಅರ್ಥ್’ ತೆರೆಗೆ ಬಂತು. ರುವಾಂಡದ ಬೆಟ್ಟದಲ್ಲಿ ಗೊರಿಲ್ಲಾಗಳ ನಡುವೆ ಕುಳಿತು ಮೆಲುದನಿಯಲ್ಲಿ ಮಾತನಾಡಿದ ಇವರನ್ನು ಲೋಕವೇ ಕಂಡಿತು. 2020ರಲ್ಲಿ ಚಿತ್ರಮಂದಿರಗಳಿಗೆ ಬಂದ, ನಮ್ಮ ನಾಡಿನ ಕಾಡುಗಳ ಚಿತ್ರ ‘ವೈಲ್ಡ್ ಕರ್ನಾಟಕ’ಕ್ಕೆ ದನಿ ಕೊಟ್ಟವರೂ ಇವರೇ.

ಕುರ್ಚಿ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಇವರು ಕುರ್ಚಿಯಲ್ಲಿದ್ದುದರಿಂದಲೇ ಇತರರ ಎಷ್ಟೋ ಒಳ್ಳೆಯ ಕೆಲಸ ಬೆಳಕು ಕಂಡಿತು. ಮನೆಯ ಸಾಲ, ಮಕ್ಕಳ ಫೀಸು ತಲೆಯ ಮೇಲಿರುವಾಗ ನಮ್ಮ ನಿಮ್ಮಂಥವರು ರಾಜೀನಾಮೆ ಬರೆಯುವುದೂ ಸುಲಭವಲ್ಲ. ಆದರೆ 1965ರ ಆ ಕರಾರು ಇದೆಯಲ್ಲ, ಅದಕ್ಕೆ ದುಡ್ಡು ಬೇಕಿಲ್ಲ. ಇಂಜಿನಿಯರಾದವರು ನಕ್ಷೆಯನ್ನೂ ವೈದ್ಯರಾದವರು ರೋಗಿಯ ನಾಡಿಯನ್ನೂ ಮೇಷ್ಟರಾದವರು ಸೀಮೆಸುಣ್ಣವನ್ನೂ ಪೂರ್ತಿ ಕೈಬಿಡದಿರಲಿ. ನಿವೃತ್ತಿಯ ದಿನ ಕುರ್ಚಿ ಕಚೇರಿಯಲ್ಲೇ ಉಳಿಯುತ್ತದೆ. ಕಸುಬಾದರೆ ಮನೆಗೆ ಬರುತ್ತದೆ.