ಹಳೆಯ ಕಾರಿಗೆ ಬಾಟಲಿ ಮದ್ದು: ಖರ್ಚಿನ ಲೆಕ್ಕವೇನು?

ಹಿರಿಯರ ಕಾಲದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಅಭಿಮಾನದಿಂದ ಉಳಿಸಿಕೊಂಡಿರುವ ವರ್ತಕರು ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಇಂದಿಗೂ ಉಂಟು. ಅಂಥವರ ಖರ್ಚಿನ ಚೀಟಿಗಳಲ್ಲಿ ಪೆಟ್ರೋಲಿಗೆ ಬೆರೆಸುವ ಅಡಿಟಿವ್ ಬಾಟಲಿಗಳು ಈಚೆಗೆ ಹೆಚ್ಚಾಗಿ ಕಾಣುತ್ತಿವೆ.

ಸೀಸಯುಕ್ತ ಪೆಟ್ರೋಲಿನ ಮಾರಾಟವು 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ನಿಂತಿತು. ಹಳೆಯ ಎಂಜಿನ್ನಿನ ಮೆದು ಲೋಹದ ವಾಲ್ವ್ ಸೀಟುಗಳು ಸವೆಯದಂತೆ ಕಾಯುತ್ತಿದ್ದುದು ಆ ಸೀಸವೇ. ಮಲೆ ಮಹದೇಶ್ವರ ಬೆಟ್ಟದಂಥ ಏರುದಾರಿಯಲ್ಲಿ ಎಂಜಿನ್ ಮೇಲೆ ಭಾರ ಬಿದ್ದಾಗ ಸವೆತ ಹೆಚ್ಚು. ಅಲ್ಲಿ ಸೀಸದ ಬದಲಿ ದ್ರಾವಣವು ಅಷ್ಟಿಷ್ಟು ನೆರವಾಗುವುದೆಂಬುದನ್ನು ಒಪ್ಪತಕ್ಕದ್ದೇ.

ಆದರೆ ಇಂದಿನ ತೊಂದರೆ ಬೇರೆ. 2023ರಿಂದ ಬಂದಿರುವ ಶೇ. 20 ಎಥನಾಲ್ ಬೆರಕೆಯ ಪೆಟ್ರೋಲು ಹಳೆಯ ರಬ್ಬರ್ ಹೋಸು, ಪಂಪಿನ ಡಯಾಫ್ರಮ್‌ಗಳನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ತೇವಾಂಶ ಹೀರಿ ತುಕ್ಕಿಗೆ ಎಡೆಮಾಡುತ್ತದೆ. ತುಕ್ಕು ತಡೆಯುವ ದ್ರಾವಣಗಳು ಇವೆ. ಆದರೆ ಬಿರುಕುಬಿಟ್ಟ ಹೋಸನ್ನು ಸರಿಪಡಿಸುವ ಬಾಟಲಿ ಯಾವುದೂ ಇಲ್ಲ.

ಲೆಕ್ಕಕ್ಕೆಂದು ಬಾಟಲಿಗೆ 300 ರೂ. ಹಿಡಿಯೋಣ. ತಿಂಗಳಿಗೆ ಎರಡರಂತೆ ವರ್ಷಕ್ಕೆ 7,200 ರೂ.; ಐದು ವರ್ಷಕ್ಕೆ 36,000 ರೂ. ಈ ಹಣವನ್ನು ಮೊದಲು ಎಥನಾಲ್ ತಾಳುವ ಹೋಸು, ಡಯಾಫ್ರಮ್‌ಗಳಿಗೆ ತೊಡಗಿಸುವುದು ಲೇಸು. ಮುಂದೆ ಎಂಜಿನ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಲೋಹದ ವಾಲ್ವ್ ಸೀಟು ಕೂರಿಸಿದರೆ ಸೀಸದ ಚಿಂತೆಯೂ ತೀರುತ್ತದೆ.

ಇನ್ನೊಂದು ಮಾತು. ಮನೆಯ ಗೌರವಕ್ಕೆಂದು ಇಟ್ಟುಕೊಂಡ ಗಾಡಿಯ ಈ ಬಾಬತ್ತನ್ನು ದಯವಿಟ್ಟು ಅಂಗಡಿಯ ಖಾತೆಗೆ ಬರೆಸಬೇಡಿ. ಅದು ಸ್ವಂತ ಖರ್ಚು.